ಮಲ್ಪೆಯ ಮೀನುಬಂದರು

ಮೀನುಗಾರಿಕೆಯೆಂದೊಡನೆ ನಮ್ಮ ಕೊಪ್ಪಳ ಸೀಮೆಯ ಬಾಲಿಕೆಯರು ಮುನಿರಾಬಾದಿನ ಜಲಾಶಯವನ್ನೂ ಅದರ ಮೇಲೆ ತೇಲುವ ಹರಿಗೋಲನ್ನೂ ನೆನೆಯುವರು. ಕಡಲನ್ನು ಕಂಡವರು ಅವರಲ್ಲಿ ವಿರಳ. ಆದರೂ ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಂದ ಕೂಲಿಯನ್ನರಸಿ ಕರಾವಳಿಗೆ ಹೋದ ಕುಟುಂಬಗಳು ಬಹಳ. ಅವುಗಳಲ್ಲಿ ಕೆಲವು ಮಲ್ಪೆಯ ಬಂದರಿನಲ್ಲಿಯೇ ಅನ್ನವನ್ನು ಸಂಪಾದಿಸುತ್ತಿರುವುದರಿಂದ ಆ ಸ್ಥಳದ ವಿಚಾರವು ನಮಗೆ ಹೊರಗಿನದಲ್ಲ.

ಮಲ್ಪೆಯು ಉಡುಪಿಯಿಂದ ಪಡುವಣಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಹೊಳೆಯು ಕಡಲನ್ನು ಸೇರುವ ಎಡೆಯಲ್ಲಿದೆ. ಬೆಳಕು ಹರಿಯುವ ಮುನ್ನವೇ ಅಲ್ಲಿ ದಿನವು ಆರಂಭವಾಗುವುದು. ದೂರದ ಕಡಲಿಗೆ ಹೋಗತಕ್ಕ ಟ್ರಾಲ್ ದೋಣಿಗಳು ಹತ್ತು ದಿನಗಳವರೆಗೂ ನೀರಿನ ಮೇಲಿದ್ದು ಮರಳುವುದುಂಟು. ಆದುದರಿಂದ ಹೊರಡುವಾಗ ಡೀಸೆಲಿನಂತೆಯೇ ಮಂಜುಗಡ್ಡೆಯನ್ನೂ ತುಂಬಿಕೊಳ್ಳಬೇಕು. ದೋಣಿಯನ್ನು ನಡೆಯಿಸುವವನಿಗೆ ತಾಂಡೇಲನೆಂದು ಹೆಸರು. ದೋಣಿಯು ದಕ್ಕೆಗೆ ತಾಗಿದೊಡನೆ ಬುಟ್ಟಿಗಳು ಇಳಿಯುವವು. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿಗಳು ಬೇರೆಬೇರೆ ರಾಶಿಯಾಗುವವು. ಏಲಮಿನ ಕೂಗು ಏಳುವುದು. ಹೊತ್ತು ಏರಿದಂತೆ ಬೆಲೆ ಇಳಿಯುವ ಸರಕಿದು. ನಮ್ಮ ಜೋಳದಂತೆ ಹಗೇವಿನಲ್ಲಿ ಕಾದಿರಿಸಲು ಬಾರದು.

ಇಲ್ಲಿ ಸ್ತ್ರೀಯರ ವಿಷಯವನ್ನು ಸ್ವಲ್ಪ ವಿಸ್ತರಿಸುವೆನು. ಹೆಣ್ಣುಮಗಳಿಗೆ ಗಣಿತವೇಕೆಂದು ಕೇಳುವ ತಂದೆಯರು ಇಂದಿಗೂ ನಮ್ಮಲ್ಲಿಗೆ ಬರುವುದುಂಟಷ್ಟೆ. ಗಂಡಸರು ಹಿಡಿದು ತಂದ ಮೀನನ್ನು ಏಲಮಿನಲ್ಲಿ ಕೊಂಡು, ಬುಟ್ಟಿ ಹೊತ್ತು ಊರೂರಿಗೆ ಒಯ್ದು ಮಾರುವುದರಲ್ಲಿ ಮೊಗವೀರ ಸ್ತ್ರೀಯರು ಪ್ರಸಿದ್ಧರು. ಕೊಳ್ಳುವ ಬೆಲೆ, ಮಂಜುಗಡ್ಡೆ, ಬಾಡಿಗೆ, ಸಂಜೆಗೆ ಉಳಿಯಬಹುದಾದ ಮೀನಿನ ನಷ್ಟ, ಇಷ್ಟನ್ನೂ ನಿಂತ ನಿಲುವಿನಲ್ಲಿಯೇ ಮನಸ್ಸಿನಲ್ಲಿ ಎಣಿಸಿ ಬೆಲೆ ಕೂಗಬೇಕು. ಲಾಭನಷ್ಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

ಈ ಅನ್ನವು ಅಪಾಯವಿಲ್ಲದೆ ದೊರೆಯತಕ್ಕದ್ದಲ್ಲ. 2018ನೆಯ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವೆಂಬ ದೋಣಿಯು ಏಳು ಮಂದಿಯೊಡನೆ ಕಾಣೆಯಾಯಿತು, 2019ನೆಯ ಮೇ ತಿಂಗಳಿನಲ್ಲಿ ಅದರ ಅವಶೇಷವು ಮಹಾರಾಷ್ಟ್ರದ ಕಡಲ ತಳದಲ್ಲಿ ದೊರೆಯಿತು. ಹೋದವರು ಮರಳಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯಕೂಡದೆಂಬುದು ನಿಯಮ. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುವುದು; ಅದರೊಡನೆ ಬಂದ ಪೋಷಕಾಂಶಗಳಿಂದ ಸೂಕ್ಷ್ಮವಾದ ಜಲಸಸ್ಯಗಳು ಹುಲುಸಾಗುವವು; ಬೂತಾಯಿ ಮೊದಲಾದ ಮೀನುಗಳು ಅವನ್ನುಂಡು ವೃದ್ಧಿಯಾಗುವವು.

ಈ ಬಿಡುವಿನಲ್ಲಿಯೇ ನಮ್ಮವರು ಊರಿಗೆ ಬರುವರು. ಜೂನ್‌ನಲ್ಲಿ ಮಗಳ ಹೆಸರನ್ನು ಶಾಲೆಯಲ್ಲಿ ಬರೆಯಿಸಿ, ಆಗಸ್ಟಿನಲ್ಲಿ ಕೈಗೂಸನ್ನು ನೋಡಿಕೊಳ್ಳಲೆಂದು ಅವಳನ್ನು ಕರೆದೊಯ್ದರೆ, ಹಾಜರಿಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುವುದು. ತಂದೆತಾಯಿಗಳೇ, ಕರೆದೊಯ್ಯಲೇಬೇಕಾದಲ್ಲಿ ವರ್ಗಾವಣೆ ಪತ್ರವನ್ನು ಕೇಳಿ ಪಡೆಯಿರಿ. 6ರಿಂದ 14 ವರ್ಷದ ಮಗುವಿಗೆ, ಆ ಪತ್ರವು ತಡವಾಯಿತೆಂಬ ಕಾರಣದಿಂದ ಸರಕಾರಿ ಶಾಲೆಯು ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣಹಕ್ಕಿನ ಕಾಯ್ದೆಯು ವಿಧಿಸಿದೆ. ಉಡುಪಿಯ ಕಡೆ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂಥ ಮಕ್ಕಳನ್ನು ಅಲ್ಲಿಯ ಕನ್ನಡ ಶಾಲೆಯ ಬಾಗಿಲವರೆಗೆ ಕರೆದೊಯ್ಯುವುದಾದರೆ, ಪತ್ರವನ್ನು ಅಂಚೆಯ ಮೂಲಕ ಕಳುಹಿಸುವ ಹೊಣೆ ನಮ್ಮದು.