ತೆಂಗಿನ ಸೀಮೆಗೆ ಎಂಥ ಮುಂದಾಳು ಬೇಕು?

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಮನೆತನದ ಆಸ್ತಿ. ತಾತ ನೆಟ್ಟ ಮರದ ಕಾಯಿಯನ್ನು ಮೊಮ್ಮಗ ಮಾರುತ್ತಾನೆ. ಈ ಸೀಮೆಯ ಹೆಸರನ್ನೇ ಹೊತ್ತ ತಿಪಟೂರು ಎತ್ತರದ ತಳಿಯ ಸಸಿಯನ್ನು ಇಂದು ನೆಟ್ಟರೆ ಫಲ ಕಾಣಲು ಆರೇಳು ವರ್ಷಗಳು ಬೇಕು; ಪೂರ್ಣ ಇಳುವರಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ರಾಗಿ ಹೊಲದಲ್ಲಿ ಒಂದು ವರ್ಷ ಕೈತಪ್ಪಿದರೆ ಮರುವರ್ಷ ಸರಿಪಡಿಸಿಕೊಳ್ಳಬಹುದು. ಫಸಲು ಕೊಡುವ ತೆಂಗಿನ ಮರ ಸತ್ತರೆ ಹತ್ತಾರು ವರ್ಷಗಳ ಆದಾಯ ಒಂದೇ ಸಲ ಹೋಗುತ್ತದೆ. ಇಂತಹ ಬೆಳೆಯನ್ನು ಕಾಡುವ ಕೀಟ, ರೋಗ ಮತ್ತು ಬೆಲೆ ಕುಸಿತ ಈ ಮೂರರಲ್ಲಿ ಯಾವುದನ್ನೂ ಒಬ್ಬ ರೈತ ತನ್ನ ಬೇಲಿಯೊಳಗೆ ನಿಂತು ತಡೆಯಲಾರ. ಆದುದರಿಂದ ಊರಿನ ಬೆಳೆಗಾರರನ್ನು ಕೂಡಿಸಿ ಕೆಲಸ ಮಾಡಿಸಬಲ್ಲ ಮುಂದಾಳು ಎಂಥವನಿರಬೇಕು ಎಂಬ ಪ್ರಶ್ನೆಯೂ, ಮರಕ್ಕೆ ಗೊಬ್ಬರ ಎಷ್ಟು ಹಾಕಬೇಕು ಎಂಬ ಪ್ರಶ್ನೆಯಂತೆ, ಬೇಸಾಯದ ಪ್ರಶ್ನೆಯೇ ಆಗಿದೆ.

ಬೇಲಿ ದಾಟುವ ಶತ್ರುಗಳು

ಮೊದಲು ಕಪ್ಪುತಲೆ ಹುಳುವನ್ನೇ ತೆಗೆದುಕೊಳ್ಳೋಣ. ಇದು ಗರಿಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯಿಂದ ಗೂಡು ಕಟ್ಟಿಕೊಂಡು ಹಸಿರು ಭಾಗವನ್ನು ಕೆರೆದು ತಿನ್ನುತ್ತದೆ. ಬೇಸಿಗೆಯಲ್ಲಿ ಬಾಧೆ ಏರಿದಾಗ ತೋಟ ದೂರದಿಂದ ಬೆಂಕಿಗೆ ಬೆಂದಂತೆ ಕಾಣುತ್ತದೆ. ಹಾನಿಗೊಂಡ ಕೆಳಗಿನ ಗರಿಗಳನ್ನು ಕತ್ತರಿಸಿ ಸುಡುವುದು, ಆಮೇಲೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ತೋಟಕ್ಕೆ ಬಿಡುವುದು ಶಿಫಾರಸ್ಸು ಮಾಡಿರುವ ಕ್ರಮ. ಈ ಪುಟ್ಟ ಕಣಜ ಹುಳುವನ್ನು ಚುಚ್ಚಿ ನಿಶ್ಚೇಷ್ಟಿತಗೊಳಿಸಿ ಅದರ ಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಆದರೆ ನೀವು ಗರಿ ಸುಟ್ಟು, ಪಕ್ಕದವರು ಸುಡದೆ ಬಿಟ್ಟರೆ ಅವರ ತೋಟದ ಪತಂಗಗಳು ನಿಮ್ಮ ತೋಟದಲ್ಲಿ ಮತ್ತೆ ಮೊಟ್ಟೆ ಇಡುತ್ತವೆ. ನೀವು ಕಣಜ ಬಿಟ್ಟ ವಾರದಲ್ಲಿ ಪಕ್ಕದವರು ವಿಷ ಸಿಂಪಡಿಸಿದರೆ ಕಣಜ ಸಾಯುತ್ತದೆ. ಖರ್ಚು ಇಬ್ಬರಿಗೂ, ಲಾಭ ಹುಳುವಿಗೆ.

ಅಣಬೆ ರೋಗದ ಕಥೆಯೂ ಹೀಗೆಯೇ. ರೋಗಕ್ಕೆ ಕಾರಣವಾದ ಶಿಲೀಂಧ್ರ ಮಣ್ಣಿನಲ್ಲಿ ಉಳಿದು, ಬೇರಿನಿಂದ ಬೇರಿಗೆ ದಾಟುತ್ತದೆ. ರೋಗದ ಮರದ ಸುತ್ತ ಒಂದು ಅಡಿ ಅಗಲ, ಎರಡು ಮೂರು ಅಡಿ ಆಳದ ಕಂದಕ ತೆಗೆದು ಬೇರ್ಪಡಿಸಬೇಕು. ಸತ್ತ ಮರವನ್ನು ಬುಡ, ಬೇರು ಸಮೇತ ಕಿತ್ತು ಸುಡಬೇಕು. ಬದುವಿನ ಅಂಚಿನಲ್ಲಿ ಸತ್ತು ನಿಂತ ಮರ ಯಾರದು, ಅದನ್ನು ಕೀಳಿಸುವ ಖರ್ಚು ಯಾರದು ಎಂಬ ಮಾತಿನಲ್ಲೇ ಎರಡು ವರ್ಷ ಕಳೆಯುವುದುಂಟು. ಅಷ್ಟರಲ್ಲಿ ರೋಗ ಎರಡೂ ಕಡೆಯ ಸಾಲುಗಳನ್ನು ಹಿಡಿದಿರುತ್ತದೆ. ಇನ್ನು ರೈನೋಸರಸ್ ದುಂಬಿ ಹುಟ್ಟುವುದು ಊರಿನ ತಿಪ್ಪೆಗುಂಡಿಗಳಲ್ಲಿ. ಕೆಂಪು ಮೂತಿ ಹುಳುವಿಗೆ ಒಬ್ಬರೇ ಮೋಹಕ ಬಲೆ ಕಟ್ಟಿದರೆ ಸುತ್ತಲಿನ ತೋಟಗಳ ಹುಳುಗಳೆಲ್ಲ ಅವರ ತೋಟಕ್ಕೇ ನೆಂಟರಾಗಿ ಬರುವ ಅಪಾಯವಿದೆ. ಅದಕ್ಕಾಗಿಯೇ ಬಲೆಗಳನ್ನು ಊರೊಟ್ಟಿಗೆ ಕಟ್ಟಿರೆಂದು ಹೇಳುವುದು.

ಈ ನಾಲ್ಕರಲ್ಲೂ ವಿಜ್ಞಾನ ತಿಳಿಯದೆ ಕೆಲಸ ನಿಂತಿಲ್ಲ. ಇಪ್ಪತ್ತು ಮೂವತ್ತು ಮನೆಗಳು ಒಂದೇ ವಾರದಲ್ಲಿ ಒಂದೇ ಕೆಲಸ ಮಾಡುವಂತೆ ಮಾಡಬಲ್ಲವರು ಇಲ್ಲದೆ ನಿಂತಿದೆ.

ಊರು ಯಾರ ಮಾತು ಕೇಳುತ್ತದೆ?

ನಾವು ವಿಸ್ತರಣಾ ಕೆಲಸದವರು ಹಳ್ಳಿಗೆ ಹೋದಾಗ ಮೊದಲು ಕಾಣುವುದು ಚೆನ್ನಾಗಿ ಮಾತನಾಡುವವರನ್ನು. ಕುರ್ಚಿ ಹಾಕಿಸುವವರು, ಕಾಫಿ ತರಿಸುವವರು ಅವರೇ. ಅವರಲ್ಲಿ ಒಳ್ಳೆಯವರಿಲ್ಲವೆಂದಲ್ಲ. ಆದರೆ ಊರಿನವರು ತೋಟದ ವಿಷಯದಲ್ಲಿ ಕೇಳುವ ಮಾತು ಬೇರೊಬ್ಬರದಾಗಿರಬಹುದು.

ಈ ವಿಷಯವಾಗಿ ಅಮೆರಿಕದ ಅಯೋವಾ ರಾಜ್ಯದಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ನಡೆಸಿದ ಅಧ್ಯಯನ 1943ರಲ್ಲಿ ಪ್ರಕಟವಾಯಿತು. ಹೈಬ್ರಿಡ್ ಮುಸುಕಿನ ಜೋಳದ ಬೀಜ ಎರಡು ಊರುಗಳಲ್ಲಿ ಹೇಗೆ ಹರಡಿತೆಂದು ಅವರು ರೈತರನ್ನೇ ಕೇಳಿ ನೋಡಿದರು. ಬೀಜದ ಸುದ್ದಿಯನ್ನು ಹೆಚ್ಚಿನವರಿಗೆ ಮೊದಲು ಮುಟ್ಟಿಸಿದವರು ಬೀಜ ಮಾರುವವರು. ಆದರೆ ಬಿತ್ತುವ ಧೈರ್ಯ ಕೊಡುವುದರಲ್ಲಿ ನೆರೆಯ ರೈತರದೇ ಮೇಲುಗೈ. ನಮ್ಮಲ್ಲಿಯೂ ಇದೇ ಕಾಣುತ್ತದೆ. ಭಿತ್ತಿಪತ್ರ ಓದಿದವನು ತಲೆಯಾಡಿಸುತ್ತಾನೆ. ಪಕ್ಕದ ತೋಟದ ಸುಳಿ ಹಸಿರಾದದ್ದನ್ನು ಕಂಡವನು ಗುದ್ದಲಿ ಹಿಡಿಯುತ್ತಾನೆ.

ಆದುದರಿಂದ ಊರಿನ ಮುಂದಾಳನ್ನು ಗುರುತಿಸಲು ಒಂದು ಸುಲಭ ವಿಧಾನವಿದೆ. ದೊಡ್ಡ ತೋಟದವರು, ಸಣ್ಣ ತೋಟದವರು ಸೇರಿ ಹತ್ತು ಹದಿನೈದು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿರಿ: "ನಿಮ್ಮ ಮರದ ಸುಳಿ ಬಾಡಿದರೆ ಮೊದಲು ಯಾರನ್ನು ಕರೆದು ತೋರಿಸುತ್ತೀರಿ?" ಎರಡು ಮೂರು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವರಲ್ಲಿ ಹೆಣ್ಣುಮಕ್ಕಳ ಹೆಸರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಸ್ತ್ರೀಶಕ್ತಿ ಸಂಘಗಳಲ್ಲಿ ವಾರದ ಉಳಿತಾಯದ ಲೆಕ್ಕ ಇಟ್ಟವರಿಗೆ, ಹತ್ತು ಜನರಿಂದ ಹಣ ಕೂಡಿಸಿ ಹತ್ತು ಜನರಿಗೂ ಉತ್ತರ ಹೇಳುವ ಅಭ್ಯಾಸ ಆಗಲೇ ಇದೆ.

ಇಲ್ಲೊಂದು ಎಚ್ಚರಿಕೆ. ಪ್ರತಿಯೊಂದು ಹೊಸದನ್ನೂ ಎಲ್ಲರಿಗಿಂತ ಮೊದಲು ಮಾಡಿ ನೋಡುವ ಉತ್ಸಾಹಿಗಳು ಊರಿಗೆ ಒಬ್ಬಿಬ್ಬರು ಇರುತ್ತಾರೆ. ಅವರಿಂದ ಉಪಕಾರವಿದೆ. ಆದರೆ "ಅವನಿಗೆ ಅದೊಂದು ಹುಚ್ಚು" ಎಂದು ಊರು ಪಕ್ಕಕ್ಕಿಟ್ಟವನ ಹಿಂದೆ ಯಾರೂ ಬರುವುದಿಲ್ಲ. ಮುಂದಾಳು ಊರಿಗಿಂತ ಒಂದು ಹೆಜ್ಜೆ ಮುಂದಿರಬೇಕು. ಕಣ್ಣಿಗೆ ಕಾಣದಷ್ಟು ಮುಂದೆ ಹೋಗಬಾರದು.

ಬೇಡವೆನ್ನುವ ಧೈರ್ಯ

ಮಾಡಿ ಎಂದು ಹೇಳುವುದಕ್ಕಿಂತ ಮಾಡಬೇಡಿ ಎಂದು ಹೇಳಿ ನಿಲ್ಲುವುದು ಕಷ್ಟ. ಸುರುಳಿ ಬಿಳಿನೊಣ ಇದಕ್ಕೆ ತಕ್ಕ ಉದಾಹರಣೆ. ಈ ಕೀಟ ನಮ್ಮ ದೇಶದಲ್ಲಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡಿತು. ಅನಂತರ ಕರ್ನಾಟಕದ ತೋಟಗಳಿಗೂ ಬಂತು. ಗರಿಗಳ ಮೇಲೆ ಅಂಟು ಸುರಿದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದಾಗ ರೈತ ಗಾಬರಿಯಾಗುವುದು ಸಹಜ. ಅಂಗಡಿಯಲ್ಲಿ ಸೀಸೆ ಸಿದ್ಧವಾಗಿರುತ್ತದೆ. ಆದರೆ ಎನ್ಕಾರ್ಸಿಯ ಎಂಬ ಪರೋಪಜೀವಿ ಈ ನೊಣವನ್ನು ಹಿಂಬಾಲಿಸಿ ಬರುತ್ತದೆ. ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಅದೇ. ಆದುದರಿಂದ ಕೀಟನಾಶಕ ಬಿಟ್ಟು, ಸಾಧ್ಯವಾದಲ್ಲಿ ನೀರನ್ನು ರಭಸದಿಂದ ಚಿಮ್ಮಿಸಿ ಗರಿ ತೊಳೆದು, ಪರೋಪಜೀವಿ ವೃದ್ಧಿಯಾಗಲು ಬಿಡಬೇಕೆಂದು ವಿಜ್ಞಾನಿಗಳು ಸಲಹೆ ನೀಡಿದ್ದಾರೆ.

ತೋಟ ಕಪ್ಪಾಗುತ್ತಿರುವಾಗ "ಸ್ವಲ್ಪ ತಾಳಿ" ಎಂದು ನೆರೆಯವರಿಗೆ ಹೇಳಲು ಎಂಟೆದೆ ಬೇಕು. ಹೇಳುವವನ ತೋಟವೂ ಅಷ್ಟೇ ಕಪ್ಪಾಗಿದ್ದು, ಅವನೂ ಸಿಂಪಡಿಸದೆ ಕಾದಿದ್ದರೆ ಮಾತ್ರ ಆ ಮಾತಿಗೆ ತೂಕ. ತನ್ನ ತೋಟಕ್ಕೆ ರಾತ್ರಿ ಔಷಧಿ ಹೊಡೆಸಿ ಬೆಳಿಗ್ಗೆ ಸಭೆಯಲ್ಲಿ ಜೈವಿಕ ನಿಯಂತ್ರಣದ ಬಗ್ಗೆ ಭಾಷಣ ಮಾಡುವವನನ್ನು, ಮರ ಹತ್ತುವ ಆಳುಗಳೇ ಸಂಜೆಯೊಳಗೆ ಊರಿಗೆಲ್ಲ ಪರಿಚಯಿಸಿಬಿಡುತ್ತಾರೆ.

ಅಡಿಕೆ ಸೀಮೆಯ ಒಂದು ನಿದರ್ಶನ

ಕೀಟದ ವಿಷಯ ಇಷ್ಟಾದರೆ ಬೆಲೆಯ ವಿಷಯ ಇನ್ನೂ ಕಠಿಣ. ಇದಕ್ಕೆ ನಮ್ಮ ರಾಜ್ಯದಲ್ಲೇ, ನಮ್ಮಂತೆಯೇ ಬಹುವಾರ್ಷಿಕ ಬೆಳೆಯನ್ನು ನಂಬಿದ ಅಡಿಕೆ ಬೆಳೆಗಾರರ ನಡುವೆ, ನೋಡಿ ಕಲಿಯಬೇಕಾದ ಒಬ್ಬ ಮುಂದಾಳು ಇದ್ದರು. ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ವಾರಣಾಶಿ ಸುಬ್ರಾಯ ಭಟ್ಟರು ಸ್ವತಃ ಕೃಷಿಕರು. 1970ರ ದಶಕದ ಮೊದಲ ವರ್ಷಗಳಲ್ಲಿ ಅಡಿಕೆಯ ಧಾರಣೆ ಕುಸಿದಾಗ ಅವರು ಬೆಳೆಗಾರರನ್ನು ಒಗ್ಗೂಡಿಸಿದರು. ಅಡಿಕೆ ತೋಟ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲವಷ್ಟೆ. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆ ಸ್ಥಾಪನೆಯಾಯಿತು. ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು.

ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ, ಅಡಿಕೆಯಲ್ಲಲ್ಲ, ಕೋಕೋದಲ್ಲಿ. ಅಡಿಕೆಯ ನಡುವೆ ಕೋಕೋ ಬೆಳೆದ ರೈತರಿಗೆ 1980ರ ಸುಮಾರಿಗೆ ಕೊಳ್ಳುವವರೇ ಇಲ್ಲದಂತಾಯಿತು. ಕೋಕೋ ಕೊಳ್ಳುವುದು ಅಡಿಕೆಯ ಸಂಸ್ಥೆಯ ಕೆಲಸವಲ್ಲವೆಂದು ಸುಮ್ಮನಿರಬಹುದಿತ್ತು. ಕ್ಯಾಂಪ್ಕೋ ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಸದಸ್ಯನ ಕಷ್ಟ ಎಲ್ಲಿದೆಯೋ ಅಲ್ಲಿಗೆ ಸಂಸ್ಥೆಯನ್ನು ನಡೆಸಿಕೊಂಡು ಹೋಗುವುದು, ಇಂದಿನ ಸಂಕಟವನ್ನು ತಗ್ಗಿಸಿ ಅಷ್ಟಕ್ಕೇ ನಿಲ್ಲದೆ ಹತ್ತು ವರ್ಷ ಮುಂದಿನದನ್ನು ಯೋಚಿಸುವುದು, ಈ ಎರಡು ಗುಣಗಳನ್ನು ಇಲ್ಲಿ ಕಾಣಬಹುದು. ತಾವಿಲ್ಲದಾಗಲೂ ನಡೆಯುವ ಸಂಸ್ಥೆಯನ್ನು ಕಟ್ಟಿದ್ದು ಮೂರನೆಯದು. ಕ್ಯಾಂಪ್ಕೋ ಇಂದಿಗೂ ನಡೆಯುತ್ತಿದೆ.

ಬೆಲೆ ಏರಿದಾಗ, ಇಳಿದಾಗ

ನಮ್ಮ ಉಂಡೆ ಕೊಬ್ಬರಿಗೆ 2023ರ ಹಂಗಾಮಿನಲ್ಲಿ ಕ್ವಿಂಟಲಿಗೆ 11,750 ರೂ. ಬೆಂಬಲ ಬೆಲೆ ಗೊತ್ತಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದದ್ದು ಬೆಳೆಗಾರರಿಗೆಲ್ಲ ನೆನಪಿದೆ. ಎರಡೇ ವರ್ಷದಲ್ಲಿ ಚಕ್ರ ತಿರುಗಿತು. 2025ರಲ್ಲಿ ಬೆಂಬಲ ಬೆಲೆ 12,100 ರೂ. ಇದ್ದರೆ ತಿಪಟೂರು ಪೇಟೆಯ ಧಾರಣೆ ಅದರ ಎರಡು ಪಟ್ಟನ್ನು ಮೀರಿತು. ಈ ಎರಡೂ ಕಾಲಗಳು ಮುಂದಾಳಿಗೆ ಬೇರೆ ಬೇರೆ ಬಗೆಯ ಕಷ್ಟ ತರುತ್ತವೆ.

ಬೆಲೆ ಇಳಿದಾಗ ಎಲ್ಲರೂ ಸಂಘಕ್ಕೆ ಬರುತ್ತಾರೆ, ಎಲ್ಲರಿಗೂ ಅವಸರ. ಖರೀದಿ ಕೇಂದ್ರದ ನೋಂದಣಿ, ಸರದಿ, ತೂಕ, ತೇವಾಂಶ ಇವುಗಳಲ್ಲಿ ಮುಂದಾಳಿನ ನಡತೆಯನ್ನು ಊರು ಕಣ್ಣಿಟ್ಟು ನೋಡುತ್ತದೆ. ತನ್ನ ಅಟ್ಟದ ಕೊಬ್ಬರಿಯನ್ನು ಮೊದಲ ಗಾಡಿಯಲ್ಲಿ ಕಳಿಸಿದವನು ಆಮೇಲೆ ಎಷ್ಟು ದುಡಿದರೂ ಆ ಒಂದು ಗಾಡಿ ಮರೆಯುವುದಿಲ್ಲ. ಮೂವತ್ತು ಮರದವನ ಚೀಲ ಮುಂದೆ ಹೋಗಲಿ ಎಂದು ತಾನು ನಿಂತವನಿಗೆ ಊರು ಮುಂದಿನ ಹತ್ತು ಕೆಲಸಗಳಲ್ಲಿ ಜೊತೆ ಕೊಡುತ್ತದೆ.

ಬೆಲೆ ಏರಿದಾಗ ಸಂಘದ ಸಭೆಗೆ ಯಾರೂ ಬರುವುದಿಲ್ಲ. ಮನೆ ಬಾಗಿಲಿಗೇ ವ್ಯಾಪಾರಿ ಬಂದಿರುತ್ತಾನೆ. ಸಂಘಗಳು ಸಾಯುವುದು ಹೆಚ್ಚಾಗಿ ಇಂತಹ ಒಳ್ಳೆಯ ವರ್ಷಗಳಲ್ಲೇ. ಆಗ ಕೋಪಿಸಿಕೊಳ್ಳದೆ, ಬಂದ ಏಳೆಂಟು ಜನರೊಡನೆಯೇ ಸಭೆ ನಡೆಸಿ, ಲೆಕ್ಕ ಓದಿ, ಪುಸ್ತಕಕ್ಕೆ ಸಹಿ ಹಾಕಿಸುವ ತಾಳ್ಮೆ ಇರಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಪ್ರೋತ್ಸಾಹದಿಂದ ಹುಟ್ಟಿದ ಬೆಳೆಗಾರರ ಸಂಘಗಳಿರಲಿ, ಹಾಲಿನ ಸೊಸೈಟಿ ಇರಲಿ, ಲೆಕ್ಕವನ್ನು ಕೇಳುವ ಮೊದಲೇ ತೆರೆದು ತೋರಿಸುವ ಅಭ್ಯಾಸಕ್ಕೆ ಸಮನಾದ ಗುಣ ಇನ್ನೊಂದಿಲ್ಲ. ಬಾಯಿಮಾತಿನ ಲೆಕ್ಕ ಪ್ರಾಮಾಣಿಕನನ್ನೂ ಕಳ್ಳನನ್ನಾಗಿ ಕಾಣಿಸುತ್ತದೆ. ಬಂದ ಹಣ, ಖರ್ಚಾದ ಹಣ, ಉಳಿದ ಹಣ ಈ ಮೂರು ಸಾಲುಗಳನ್ನು ತಿಂಗಳಿಗೊಮ್ಮೆ ಡೇರಿಯ ಗೋಡೆಗೆ ಅಂಟಿಸಿದರೆ ಸಾಕು.

ಈ ವರ್ಷವೇ ಆರಂಭಿಸುವ ಬಗೆ

ದೊಡ್ಡ ಸಂಘ ಕಟ್ಟುವ ಮೊದಲು ಒಂದು ಚಿಕ್ಕ ಕೆಲಸವನ್ನು ಕೈಗೊಳ್ಳುವುದು ಮೇಲು. ಕಪ್ಪುತಲೆ ಹುಳು ಬೇಸಿಗೆಯಲ್ಲಿ ಹೆಚ್ಚುವುದರಿಂದ ಸಂಕ್ರಾಂತಿಯ ಆಸುಪಾಸಿನಲ್ಲೇ ಒಂದಕ್ಕೊಂದು ತಾಗಿಕೊಂಡ ತೋಟಗಳವರು, ಇಪ್ಪತ್ತು ಮನೆಯಾದರೂ ಸರಿ, ಒಂದು ಸಂಜೆ ಸೇರಬೇಕು. ದಾಯಾದಿ ವ್ಯಾಜ್ಯದಿಂದ ಮಾತು ಬಿಟ್ಟವರ ಮನೆಗೆ ಮುಂದಾಳು ತಾನೇ ಹೋಗಿ ಕರೆಯಬೇಕು. ಅವರ ತೋಟ ನಡುವೆ ಉಳಿದರೆ ಉಳಿದವರ ಶ್ರಮ ವ್ಯರ್ಥ. ಯಾರ ತೋಟದಲ್ಲಿ ಎಷ್ಟು ಮರಗಳಿವೆ, ಎಷ್ಟಕ್ಕೆ ಬಾಧೆಯಿದೆ ಎಂದು ಬರೆದುಕೊಳ್ಳಬೇಕು. ಮರ ಹತ್ತುವವರು ಸಿಗುವುದು ಕಷ್ಟವಾದ್ದರಿಂದ ಅವರಿಗೆ ಕೂಲಿ ಮತ್ತು ದಿನಗಳನ್ನು ಒಟ್ಟಾಗಿ ಗೊತ್ತುಮಾಡಬೇಕು. ಹಣವಿಲ್ಲದವರ ಪಾಲನ್ನು ಸದ್ಯಕ್ಕೆ ಯಾರು ಕೊಡುವರೆಂಬುದೂ ಅಂದೇ ತೀರ್ಮಾನವಾಗಲಿ. ಪರೋಪಜೀವಿಗಳು ಕೇಳಿದ ದಿನವೇ ಸಿಗುವ ವಸ್ತುವಲ್ಲ. ಮರಗಳ ಪಟ್ಟಿಯೊಡನೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಮುಂಚಿತವಾಗಿಯೇ ಬೇಡಿಕೆ ಸಲ್ಲಿಸಬೇಕು. ಹೆಚ್ಚಿನ ಸಲಹೆಯನ್ನು ತಿಪಟೂರಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪಡೆಯಬಹುದು. ಹೋಗುವಾಗ ಹುಳುವಿರುವ ಒಂದೆರಡು ಗರಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿರಿ.