ಪೆನ್‌ಡ್ರೈವ್‌ನಿಂದ ಬೂಟ್ ಆಗ್ತಿಲ್ಲ! ಎಲ್ಲಿ ನಿಂತಿದೆ ಅಂತ ಹುಡುಕೋದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಅಣ್ಣನಿಂದಲೋ ಅಕ್ಕನಿಂದಲೋ ಕೈಬದಲಾಗಿ ಬಂದ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ನಮ್ಮಂಥವರ ಮುಂದೆ ಈಗ ಎರಡು ದಾರಿ. ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದರೆ ವಿಂಡೋಸ್ 11, ಇಲ್ಲದಿದ್ದರೆ ಉಬುಂಟು ಥರದ ಲಿನಕ್ಸ್. ಯಾವ ದಾರಿ ಹಿಡಿದರೂ ಎದುರಾಗುವ ತೊಂದರೆ ಮಾತ್ರ ಒಂದೇ: ಪೆನ್‌ಡ್ರೈವ್ ಹಾಕಿ ರೀಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹಳೇ ವಿಂಡೋಸೇ ಬಂದು ನಿಲ್ಲುತ್ತೆ.

ಆಗ ಹೆಚ್ಚಿನವರು ಮಾಡುವುದೇನು ಗೊತ್ತಲ್ಲ? ಐದು ವಿಡಿಯೋ ನೋಡಿ, ಅವುಗಳಲ್ಲಿ ಹೇಳಿದ ಐದೂ ಸೆಟ್ಟಿಂಗನ್ನು ಒಟ್ಟಿಗೇ ಬದಲಾಯಿಸುವುದು. ಆಮೇಲೆ ಪೆನ್‌ಡ್ರೈವೂ ಬೂಟ್ ಆಗಲ್ಲ, ಹಳೇ ವಿಂಡೋಸೂ ಬರಲ್ಲ. ಮರುದಿನ ಪ್ರಾಜೆಕ್ಟ್ ರಿವ್ಯೂ ಬೇರೆ! ಈ ಪಾಠದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ: ಬೂಟ್ ಅನ್ನುವುದು ಒಂದು ಸರಪಳಿ. ಯಾವ ಕೊಂಡಿ ಕಳಚಿದೆ ಅಂತ ಮೊದಲು ಪತ್ತೆ ಮಾಡಿ, ಆಮೇಲೆ ಅದೊಂದನ್ನೇ ಸರಿಮಾಡಿ. ಸರ್ಕ್ಯೂಟ್ ಲ್ಯಾಬಿನಲ್ಲಿ ನಾವು ಮಲ್ಟಿಮೀಟರ್ ಹಿಡಿದು ಮಾಡುವುದೂ ಇದನ್ನೇ ಅಲ್ವಾ?

ಮೊದಲ ಪ್ರಶ್ನೆ: ಪೆನ್‌ಡ್ರೈವ್‌ನಿಂದ ಬೂಟ್ ಆಗಲೇಬೇಕಾ?

ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಬೇಡಿ. ಫೈಲುಗಳು, ಪ್ರೋಗ್ರಾಂಗಳು ಇದ್ದ ಹಾಗೇ ಉಳಿದು ವಿಂಡೋಸ್ 10ರಿಂದ 11ಕ್ಕೆ ಹೋಗಬೇಕು ಅಂದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಹಾಗೇ ಇಲ್ಲ. ಹಳೇ ವಿಂಡೋಸ್ ಓಡುತ್ತಿರುವಾಗಲೇ ಪೆನ್‌ಡ್ರೈವ್ ತೆರೆದು, ಅದರಲ್ಲಿರುವ ಸೆಟಪ್ ಫೈಲನ್ನು ಡಬಲ್ ಕ್ಲಿಕ್ ಮಾಡಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಹಾಕಿದರೆ ಅದು ಹೊಸ ಇನ್‌ಸ್ಟಾಲ್. ಹಳೇ ಪ್ರೋಗ್ರಾಂಗಳು ಉಳಿಯಲ್ಲ. ಉಬುಂಟು 22.04ರಿಂದ 24.04ಕ್ಕೆ ಹೋಗುವುದಿದ್ದರೂ ಸಿಸ್ಟಂ ಒಳಗಿನಿಂದಲೇ ಅಪ್‌ಗ್ರೇಡ್ ಮಾಡಬಹುದು.

ಹಾಗಾದರೆ ಪೆನ್‌ಡ್ರೈವ್ ಬೂಟ್ ಯಾವಾಗ ಬೇಕು? ಪೂರ್ತಿ ಹೊಸದಾಗಿ ಹಾಕಬೇಕಾದಾಗ, ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗುವಾಗ, ಎರಡನ್ನೂ ಜೊತೆಗೆ ಇಟ್ಟುಕೊಳ್ಳುವಾಗ, ಅಥವಾ ಹಳೇ ಸಿಸ್ಟಂ ತೆರೆಯುವುದೇ ಇಲ್ಲ ಅನ್ನುವಾಗ.

ಕೈ ಹಾಕುವ ಮೊದಲು

ಎರಡು ಕೆಲಸ ಮುಗಿಸಿಕೊಳ್ಳಿ. ಒಂದು, ಬ್ಯಾಕಪ್. ಪ್ರಾಜೆಕ್ಟ್ ಕೋಡು, ರಿಪೋರ್ಟು, ಮನೆಯವರ ಫೋಟೋ ಎಲ್ಲವೂ ಬೇರೆ ಡ್ರೈವಿಗೋ ಕ್ಲೌಡಿಗೋ ಹೋಗಲಿ. ಇನ್‌ಸ್ಟಾಲರ್ ತಯಾರಿಸುವಾಗ ಆ ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತೆ. ಆದ್ದರಿಂದ ಬ್ಯಾಕಪ್ ಇಟ್ಟ ಪೆನ್‌ಡ್ರೈವನ್ನೇ ಇದಕ್ಕೂ ಬಳಸಬೇಡಿ.

ಎರಡು, ಬಿಟ್‌ಲಾಕರ್ ಕೀ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್ ಅಂತ ಇರಬಹುದು. ಡಿಸ್ಕಿನ ಬೀಗದ ಕೈ ಟಿಪಿಎಂ ಚಿಪ್‌ನ ಕಾವಲಿನಲ್ಲಿರುತ್ತೆ. ಸೆಕ್ಯೂರ್ ಬೂಟ್ ಥರದ ಸೆಟ್ಟಿಂಗ್ ಬದಲಾದರೆ ಟಿಪಿಎಂಗೆ ಅನುಮಾನ ಬಂದು ಕೈ ಕೊಡಲ್ಲ. ಆಗ ನೀಲಿ ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತೆ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೈಬದಲಾದ ಲ್ಯಾಪ್‌ಟಾಪ್ ಆದರೆ ಆ ಅಕೌಂಟ್ ಅಣ್ಣನದೋ ಅಕ್ಕನದೋ ಇರಬಹುದು, ಇವತ್ತೇ ಫೋನ್ ಮಾಡಿ ಕೇಳಿ. ಕೀ ಇಲ್ಲ, ಬ್ಯಾಕಪ್ಪೂ ಇಲ್ಲ ಅಂದರೆ ಆ ಡೇಟಾ ವಾಪಸ್ ಬರುವ ದಾರಿ ಇಲ್ಲ. ಈ ಇಡೀ ಲೇಖನದಲ್ಲಿ ನಿಜವಾದ ಅಪಾಯ ಇರುವುದು ಇದೊಂದೇ ಕಡೆ.

ಪವರ್ ಬಟನ್‌ನಿಂದ ಇನ್‌ಸ್ಟಾಲರ್‌ವರೆಗೆ

ಬಟನ್ ಒತ್ತಿದ ತಕ್ಷಣ ಓಡುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ಅದು ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಎರಡು ಪದ್ಧತಿಗಳಿವೆ.

ಹಳೆಯದು ಲೆಗಸಿ ಬಯೋಸ್, 1981ರ ಐಬಿಎಂ ಪಿಸಿಯ ಕಾಲದ್ದು. ಇದಕ್ಕೆ ಫೈಲು, ಫೋಲ್ಡರು ಏನೂ ಗೊತ್ತಿಲ್ಲ. ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿರುವ ಕೋಡನ್ನು ಓಡಿಸುತ್ತೆ ಅಷ್ಟೇ. ಅದೇ ಎಂಬಿಆರ್. 446 ಬೈಟ್ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ 2 ಬೈಟ್ ಗುರುತಿಗೆ. ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇರುವುದರಿಂದ 2 ಟಿಬಿಗಿಂತ ಆಚೆ ಇದಕ್ಕೆ ಕಾಣುವುದಿಲ್ಲ.

ಹೊಸದು ಯುಇಎಫ್‌ಐ. ಇದಕ್ಕೆ ಫ್ಯಾಟ್ ಫೈಲ್ ಸಿಸ್ಟಂ ಓದಲು ಬರುತ್ತೆ. ಪೆನ್‌ಡ್ರೈವ್ ಒಳಗೆ ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಬೂಟ್ ಅನ್ನುವ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಅನ್ನುವ ಫೈಲ್ ಇದೆಯಾ ಅಂತ ನೋಡುತ್ತೆ. ಇದ್ದರೆ, ಸೆಕ್ಯೂರ್ ಬೂಟ್ ಆನ್ ಆಗಿದ್ದಲ್ಲಿ ಅದರ ಸಹಿ ಪರೀಕ್ಷಿಸಿ, ಓಡಿಸುತ್ತೆ. ಹಾಸ್ಟೆಲ್ ಗೇಟಿನ ವಾಚ್‌ಮನ್ ಹಾಗೆ: ನೀವು ಎಷ್ಟೇ ಒಳ್ಳೆಯವರಾಗಿರಿ, ಗೇಟ್ ಪಾಸಿನ ಮೇಲೆ ಗೊತ್ತಿರುವ ಸಹಿ ಇಲ್ಲದಿದ್ದರೆ ಬಿಡಲ್ಲ.

ಅಲ್ಲಿಗೆ ಸರಪಳಿ ಹೀಗಾಯಿತು: ಪೆನ್‌ಡ್ರೈವ್‌ನಲ್ಲಿ ಸರಿಯಾಗಿ ಬರೆದಿರಬೇಕು, ಫರ್ಮ್‌ವೇರ್‌ಗೆ ಅದು ಕಾಣಬೇಕು, ಇಬ್ಬರ ಪದ್ಧತಿಯೂ ಒಂದೇ ಇರಬೇಕು, ಸಹಿ ಒಪ್ಪಿಗೆಯಾಗಬೇಕು. ಯಾವುದೋ ಒಂದು ತಪ್ಪಿದರೂ ಪರದೆ ಮೇಲೆ ಕಾಣುವುದು ಮಾತ್ರ ಒಂದೇ, ಹಳೇ ವಿಂಡೋಸ್!

ಅರ್ಧಕ್ಕೆ ಕತ್ತರಿಸಿ

ಬೈನರಿ ಸರ್ಚ್ ಓದಿದ್ದೇವೆ, ಇಲ್ಲಿ ಬಳಸೋಣ. ಅದೇ ಪೆನ್‌ಡ್ರೈವನ್ನು ಪಕ್ಕದ ರೂಮಿನವರ ಲ್ಯಾಪ್‌ಟಾಪ್‌ಗೆ ಹಾಕಿ, ಅವರ ಬೂಟ್ ಮೆನುವಿನಿಂದ ಆರಿಸಿ. ಇನ್‌ಸ್ಟಾಲರ್‌ನ ಮೊದಲ ಪರದೆ ಬಂದರೆ ಸಾಕು, ಅಲ್ಲಿಗೇ ಆಫ್ ಮಾಡಿ. ಏನೂ ಇನ್‌ಸ್ಟಾಲ್ ಮಾಡಬೇಡಿ. ಅವರ ಬಿಟ್‌ಲಾಕರ್ ಕೀ ಕೇಳದೆ ಅವರ ಸೆಟ್ಟಿಂಗ್ ಮುಟ್ಟಲೂ ಬೇಡಿ!

ಅಲ್ಲಿ ಬೂಟ್ ಆಯಿತು ಅಂದರೆ ಪೆನ್‌ಡ್ರೈವ್ ಬಹುಮಟ್ಟಿಗೆ ಸರಿ, ನಿಮ್ಮ ಲ್ಯಾಪ್‌ಟಾಪ್ ಕಡೆ ಹುಡುಕಿ. ಅಲ್ಲೂ ಆಗಲಿಲ್ಲ ಅಂದರೆ ಮೊದಲು ಪೆನ್‌ಡ್ರೈವ್ ನೋಡಿ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಸೆಟ್ಟಿಂಗ್ ಮುಟ್ಟುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಪೆನ್‌ಡ್ರೈವ್ ಕಡೆ ತೊಂದರೆ ಇದ್ದರೆ

1. ಐಎಸ್‌ಒ ಫೈಲನ್ನು ಹಾಗೇ ಕಾಪಿ ಪೇಸ್ಟ್ ಮಾಡಿದ್ದೀರಾ? ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ ಇದೇ. ಐಎಸ್‌ಒ ಅಂದರೆ ಇಡೀ ಡಿಸ್ಕಿನ ಪ್ರತಿರೂಪ, ಒಂದು ಮಾಮೂಲಿ ಫೈಲಿನ ಹಾಗೆ ಇಟ್ಟರೆ ಬೂಟ್ ಆಗಲ್ಲ. ರೂಫಸ್, ಬಲೇನಾ ಎಚರ್ ಥರದ ಟೂಲಿನಿಂದ ಬರೆಯಬೇಕು. ವಿಂಡೋಸ್‌ಗಾದರೆ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಇದೆ. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಇರಲಿ.

2. ಡೌನ್‌ಲೋಡ್ ಪೂರ್ತಿ ಆಗಿದೆಯಾ? ಹಾಸ್ಟೆಲ್ ವೈಫೈ ಗೊತ್ತಲ್ಲ, ಮಧ್ಯದಲ್ಲಿ ಕೈಕೊಟ್ಟಿರುತ್ತೆ. ಅಧಿಕೃತ ಸೈಟಿನಲ್ಲಿ ಕೊಟ್ಟಿರುವ ಶಾ-256 ಮೊತ್ತವನ್ನೂ ನಿಮ್ಮ ಫೈಲಿನದನ್ನೂ ಹೋಲಿಸಿ. 64 ಅಕ್ಷರಗಳಲ್ಲಿ ಒಂದೇ ಒಂದು ಬೇರೆ ಇದ್ದರೂ ಮತ್ತೆ ಡೌನ್‌ಲೋಡ್ ಮಾಡಿ.

3. 4 ಜಿಬಿ ಗಡಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ವಿಂಡೋಸ್ 11ರ ಐಎಸ್‌ಒ ಒಳಗಿನ ಮುಖ್ಯ ಇನ್‌ಸ್ಟಾಲ್ ಫೈಲ್ ಅದಕ್ಕಿಂತ ದೊಡ್ಡದು. ಕೈಯಾರೆ ಫಾರ್ಮ್ಯಾಟ್ ಮಾಡಿ ಫೈಲುಗಳನ್ನು ಎಳೆದು ಹಾಕುವವರು ಇಲ್ಲೇ ಸಿಕ್ಕಿಬೀಳುವುದು. ಎನ್‌ಟಿಎಫ್‌ಎಸ್ ಮಾಡೋಣ ಅಂದರೆ ಎಲ್ಲ ಯುಇಎಫ್‌ಐಗಳಿಗೂ ಅದನ್ನು ಓದಲು ಬರಲ್ಲ. ರೂಫಸ್ ಇದಕ್ಕೆಂದೇ ಒಂದು ಪುಟ್ಟ ಸಹಾಯಕ ಪಾರ್ಟಿಷನ್ ಜೋಡಿಸುತ್ತೆ. ಟೂಲ್ ಬಳಸಿ ಅನ್ನುವುದು ಇದಕ್ಕೇ.

4. ಬರೆಯುವಾಗ ಯಾವ ಪದ್ಧತಿ ಆರಿಸಿದಿರಿ? ರೂಫಸ್‌ನಲ್ಲಿ ಜಿಪಿಟಿ ಆರಿಸಿದರೆ ಯುಇಎಫ್‌ಐಗೆ. ವಿಂಡೋಸ್ ಐಎಸ್‌ಒಗೆ ಎಂಬಿಆರ್ ಆರಿಸಿದರೆ ಲೆಗಸಿಗೆ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಜಿಪಿಟಿಯೇ ಸರಿ.

ಲ್ಯಾಪ್‌ಟಾಪ್ ಕಡೆ ತೊಂದರೆ ಇದ್ದರೆ

ಮೊದಲು ಬೂಟ್ ಮೆನು ತೆರೆಯಿರಿ. ಸಾಮಾನ್ಯವಾಗಿ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಒಳಗೆ ಹೋಗಿ ಎಫ್12 ಬೂಟ್ ಮೆನು ಅನ್ನುವುದನ್ನು ಆನ್ ಮಾಡಬೇಕು. ಕೀ ಒತ್ತಲು ಸಮಯವೇ ಸಿಗುತ್ತಿಲ್ಲ ಅಂದರೆ ವಿಂಡೋಸ್‌ನಲ್ಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಮೆನುವಿನಲ್ಲಿ ಯೂಸ್ ಎ ಡಿವೈಸ್ ಅನ್ನುವುದು ಕಂಡರೆ ಅಲ್ಲಿಂದಲೇ ಪೆನ್‌ಡ್ರೈವ್ ಆರಿಸಬಹುದು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ವಿಂಡೋಸ್‌ನದು, ಫಾಸ್ಟ್ ಬೂಟ್ ಫರ್ಮ್‌ವೇರ್‌ನದು. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಮಾಡಿದರೂ ಸಿಸ್ಟಂ ಪೂರ್ತಿ ಆಫ್ ಆಗಲ್ಲ, ಕರ್ನಲ್ ಅರೆನಿದ್ದೆಗೆ ಹೋಗುತ್ತೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಪೂರ್ತಿ ಹೊಸ ಆರಂಭ. ಫಾಸ್ಟ್ ಬೂಟ್ ಆದರೋ, ಸಮಯ ಉಳಿಸಲು ಯುಎಸ್‌ಬಿ ಪರಿಶೀಲನೆಯನ್ನೇ ಬಿಟ್ಟುಬಿಡಬಹುದು. ಆಗ ಪೆನ್‌ಡ್ರೈವ್ ಕಾಣುವುದಾದರೂ ಹೇಗೆ?

ಬೂಟ್ ಮೆನುವಿನಲ್ಲಿ ಕಂಡದ್ದನ್ನು ಹೀಗೆ ಓದಿ.

ಪೆನ್‌ಡ್ರೈವ್ ಹೆಸರೇ ಇಲ್ಲ: ಬೇರೆ ಪೋರ್ಟಿಗೆ ಹಾಕಿ, ಹಬ್ ಇದ್ದರೆ ತೆಗೆಯಿರಿ. ಹಳೇ ಮಾಡೆಲ್‌ಗಳಲ್ಲಿ ನೀಲಿ ಪೋರ್ಟಿಗಿಂತ ಕಪ್ಪು ಪೋರ್ಟೇ ಕೆಲವೊಮ್ಮೆ ಕೈಹಿಡಿಯುತ್ತೆ. ಆಮೇಲೆ ಫಾಸ್ಟ್ ಬೂಟ್ ಆಫ್ ಮಾಡಿ, ಯುಎಸ್‌ಬಿ ಬೂಟ್ ಆನ್ ಇದೆಯಾ ನೋಡಿ. ಕೊನೆಗೆ ಪದ್ಧತಿ ಹೊಂದುತ್ತಿದೆಯಾ ನೋಡಿ.

ಹೆಸರಿದೆ, ಆರಿಸಿದರೆ ಸೆಕ್ಯೂರ್ ಬೂಟ್ ಅಥವಾ ಸೆಕ್ಯುರಿಟಿ ಪಾಲಿಸಿ ವಯೋಲೇಷನ್ ಅನ್ನುತ್ತೆ: ಸಹಿ ಒಪ್ಪಿಗೆ ಆಗಿಲ್ಲ. ತಕ್ಷಣ ಸೆಕ್ಯೂರ್ ಬೂಟ್ ಆಫ್ ಮಾಡಬೇಡಿ. ಉಬುಂಟು ಬೂಟ್‌ಲೋಡರ್‌ನ ಮೊದಲ ಭಾಗಕ್ಕೆ ಮೈಕ್ರೋಸಾಫ್ಟ್ ಸಹಿಯೇ ಇರುತ್ತೆ, ಆದ್ದರಿಂದ ಆನ್ ಇದ್ದರೂ ಬೂಟ್ ಆಗಬೇಕು. 2024ರ ಆಗಸ್ಟ್‌ನ ಒಂದು ವಿಂಡೋಸ್ ಅಪ್‌ಡೇಟ್ ಹಳೇ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ತಡೆಯಲು ಶುರುಮಾಡಿ ಹಲವರ ಲಿನಕ್ಸ್ ನಿಂತುಹೋಗಿತ್ತು. ಸೀನಿಯರ್ ಕೊಟ್ಟ ಎರಡು ವರ್ಷದ ಹಿಂದಿನ ಐಎಸ್‌ಒ ಬಿಟ್ಟು ಹೊಸದನ್ನು ಇಳಿಸಿಕೊಂಡು ನೋಡಿ. ಕೆಲವು ಹೊಸ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಸಿಎ ಅನ್ನುವ ಆಯ್ಕೆ ಆಫ್ ಇರುತ್ತೆ, ಅದನ್ನು ಆನ್ ಮಾಡಬೇಕು.

ಇನ್‌ಸ್ಟಾಲರ್ ಬಂತು, ಡಿಸ್ಕ್ ಕಾಣುತ್ತಿಲ್ಲ: ಅಂದರೆ ಬೂಟ್ ಗೆದ್ದಿರಿ, ಇದು ಬೇರೆ ಸಮಸ್ಯೆ. 11ನೇ ತಲೆಮಾರಿನಿಂದೀಚೆಗಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಡ್ರೈವರ್ ಬೇಕಾಗಿರಬಹುದು. ಕಂಪನಿಯ ಸೈಟಿನಿಂದ ತಂದು ಲೋಡ್ ಮಾಡಿ. ವಿಎಂಡಿಯನ್ನೇ ಆಫ್ ಮಾಡಿದರೆ ಹಳೇ ವಿಂಡೋಸ್ ಏಳದೇ ಹೋಗಬಹುದು.

ಒಂದು ಲೆಕ್ಕ ಬಿಡಿಸೋಣ

ಕೊಟ್ಟಿರುವುದು: ವಿಂಡೋಸ್ 10 ಇರುವ, ವಿಂಡೋಸ್ 11ರ ಪಟ್ಟಿಗೆ ಸೇರುವ 8ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್. ರೂಫಸ್‌ನಲ್ಲಿ ಜಿಪಿಟಿ ಆರಿಸಿ ಮಾಡಿದ ಪೆನ್‌ಡ್ರೈವ್. ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಬೂಟ್ ಆಗುತ್ತೆ, ಇದರಲ್ಲಿ ಆರಿಸಿದರೆ ಇದು ಯುಇಎಫ್‌ಐನಲ್ಲಿ ಮಾತ್ರ ಬೂಟ್ ಆಗುತ್ತೆ ಅನ್ನುವ ಅರ್ಥದ ಸಂದೇಶ ಬರುತ್ತೆ.

ಬಿಡಿಸುವುದು: ಪೆನ್‌ಡ್ರೈವ್ ಸರಿ ಅಂತ ಮೊದಲ ಪರೀಕ್ಷೆ ಹೇಳಿತು. ಸಂದೇಶ ಬಂತು ಅಂದರೆ ಪೋರ್ಟೂ ಸರಿ. ಉಳಿದದ್ದು ಪದ್ಧತಿ. ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ನೋಡಿದರೆ ಲೆಗಸಿ ಅಂತಿದೆ. ಯಾರೋ ಹಿಂದೆ ವಿಂಡೋಸನ್ನು ಲೆಗಸಿಯಲ್ಲಿ ಹಾಕಿದ್ದಾರೆ, ಡಿಸ್ಕ್ ಎಂಬಿಆರ್‌ನಲ್ಲಿದೆ.

ಈಗ ಸೆಟ್ಟಿಂಗನ್ನು ಯುಇಎಫ್‌ಐಗೆ ಬದಲಾಯಿಸಿದರೆ? ಪೆನ್‌ಡ್ರೈವ್ ಬೂಟ್ ಆಗುತ್ತೆ, ಆದರೆ ಹಳೇ ವಿಂಡೋಸ್ ಬರಲ್ಲ. ಹೆದರಬೇಡಿ, ಡೇಟಾ ಎಲ್ಲೂ ಹೋಗಿಲ್ಲ. ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡಿದರೆ ವಾಪಸ್ ಬರುತ್ತೆ. ಪೂರ್ತಿ ಹೊಸದಾಗಿ ಹಾಕುವುದೇ ಉದ್ದೇಶವಾದರೆ, ಬ್ಯಾಕಪ್ ಇದ್ದರೆ, ಹೀಗೇ ಮುಂದುವರಿಯಬಹುದು. ಹಳೆಯದು ಉಳಿಯಲೇಬೇಕು ಅಂದರೆ ವಿಂಡೋಸ್ 10ರ 1703ನೇ ಆವೃತ್ತಿಯಿಂದ ಒಳಗೇ ಇರುವ ಎಂಬಿಆರ್2ಜಿಪಿಟಿ ಅನ್ನುವ ಟೂಲಿನಿಂದ ಮೊದಲು ಡಿಸ್ಕನ್ನು ಪರೀಕ್ಷಿಸಿ, ಆಮೇಲೆ ಪರಿವರ್ತಿಸಿ, ಅದಾದ ನಂತರವೇ ಯುಇಎಫ್‌ಐಗೆ ಬದಲಾಯಿಸಿ. ಕ್ರಮ ತಪ್ಪಬಾರದು. ಆಮೇಲೆ ಪೆನ್‌ಡ್ರೈವ್ ಒಳಗಿನ ಸೆಟಪ್ಪನ್ನು ವಿಂಡೋಸ್‌ನಿಂದಲೇ ಓಡಿಸಿದರೆ ಪ್ರೋಗ್ರಾಂಗಳೂ ಉಳಿಯುತ್ತವೆ. ಗಮನಿಸಿ, ಎಷ್ಟೊಂದು ಸೆಟ್ಟಿಂಗ್‌ಗಳಲ್ಲಿ ನಾವು ಬದಲಾಯಿಸಿದ್ದು ಒಂದನ್ನು ಮಾತ್ರ.

ಕೊನೆಯದಾಗಿ ಒಂದು ಅಭ್ಯಾಸ. ಸೆಟ್ಟಿಂಗ್ ಮುಟ್ಟುವ ಮೊದಲು ಆ ಪರದೆಯ ಫೋಟೋ ತೆಗೆದುಕೊಳ್ಳಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಉಪಯೋಗವಾಗಲಿಲ್ಲ ಅಂದರೆ ಮೊದಲಿನ ಹಾಗೆ ಇಟ್ಟು ಮುಂದಿನದಕ್ಕೆ ಹೋಗಿ. ನಿಧಾನ ಅನ್ನಿಸುತ್ತೆ ನಿಜ. ಆದರೆ ಅರ್ಧ ಗಂಟೆಯ ಕೊನೆಗೆ ಯಾವುದು ಸರಿ, ಯಾವುದು ತಪ್ಪು ಅನ್ನುವುದು ನಿಮ್ಮ ಕೈಲಿರುತ್ತೆ. ಆಗ ಸೀನಿಯರ್ ಹತ್ತಿರ ಹೋಗಿ ಬೂಟ್ ಆಗ್ತಿಲ್ಲ ಅಣ್ಣ ಅನ್ನುವ ಬದಲು, ಪೆನ್‌ಡ್ರೈವ್ ಬೇರೆ ಕಡೆ ಬೂಟ್ ಆಗುತ್ತೆ, ಇಲ್ಲಿ ಮೆನುವಿನಲ್ಲಿ ಕಾಣುತ್ತೆ, ಸಹಿ ಹತ್ತಿರ ನಿಲ್ಲುತ್ತೆ ಅಂತ ಹೇಳಬಹುದು. ಅಷ್ಟು ಹೇಳುವ ಹೊತ್ತಿಗೆ ಉತ್ತರ ನಿಮಗೇ ಹೊಳೆದಿರುತ್ತೆ.