ಅಕ್ಕಾ, ಯಾವ ಪುಸ್ತಕ ಓದ್ತಾ ಇದ್ದೀಯ?

ಕೊಂಡ್ಲಹಳ್ಳಿಯ ಅಕ್ಕಂದಿರೇ, ತಂಗಿಯರೇ,

ನೀವು ಈಗ ಓದು ಕಲಿತಿದ್ದೀರಿ. ನಿಮ್ಮ ಹೆಸರು ನೀವೇ ಬರೆಯುತ್ತೀರಿ. ಮೊಳಕಾಲ್ಮೂರಿನ ಬಸ್ಸು ಯಾವುದು, ಚಳ್ಳಕೆರೆ ಬಸ್ಸು ಯಾವುದು ಎಂದು ಬೋರ್ಡು ನೋಡಿ ಹತ್ತುತ್ತೀರಿ. ಇದು ದೊಡ್ಡ ಗೆಲುವು.

ಆದರೆ ಒಂದು ಮಾತು. ಮೂಲೆಗಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಬಳಸದೆ ಬಿಟ್ಟ ಅಕ್ಷರವೂ ಹಾಗೆಯೇ. ಕಲಿತಿದ್ದು ಮರೆತುಹೋಗುತ್ತದೆ. ಮತ್ತೆ ಹೆಬ್ಬೆಟ್ಟಿಗೆ ಬರಬೇಕಾಗುತ್ತದೆ.

ತುಕ್ಕು ಹಿಡಿಯದ ಹಾಗೆ ಏನು ಮಾಡಬೇಕು? ದಿನಾ ಸ್ವಲ್ಪ ಓದಬೇಕು. ಓದಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಅವರು ಓದಿದ್ದನ್ನು ನಾವು ಕೇಳಬೇಕು. ಈ ಪಾಠ ಅದರ ಬಗ್ಗೆ.

ಹೇಳುವುದು ನಮಗೆ ಹೊಸದಲ್ಲ

ಬಿತ್ತನೆ ಕಾಲ ಬಂದರೆ ಯಾವ ಶೇಂಗಾ ಬೀಜ ಒಳ್ಳೆಯದು ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಯಾವ ಬಣ್ಣಕ್ಕೆ ಯಾವ ಅಂಚು ಒಪ್ಪುತ್ತದೆ ಎಂದು ಹೇಳಿಕೊಡುತ್ತೇವೆ. ಪುಸ್ತಕದ ವಿಷಯವನ್ನೂ ಹಾಗೇ ಹೇಳಬಹುದು. "ಇದು ಚೆನ್ನಾಗೈತೆ, ನೀನೂ ಓದು" ಅಂದರೆ ಸಾಕು.

ನಮ್ಮ ಪಕ್ಕದ ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಇದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವರ ನಾಲಗೆಯ ಮೇಲೆ ಸಾವಿರಾರು ಹಾಡುಗಳಿದ್ದವು. ಅವರು ಹಾಡಿದರು. ಕೃಷ್ಣಮೂರ್ತಿ ಹನೂರು ಎಂಬ ವಿದ್ವಾಂಸರು ಕೇಳಿ ಬರೆದುಕೊಂಡರು. ಹಾಡು ಪುಸ್ತಕವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಅಜ್ಜಿ ಈಗ ಇಲ್ಲ. ಹಾಡು ಉಳಿದಿದೆ. ಅಜ್ಜಿಗೆ ಓದಲು ಬಾರದ ಆ ಪುಸ್ತಕವನ್ನು ಈಗ ನೀವು ಓದಬಲ್ಲಿರಿ.

ಒಂದು ಪಾಠ ಊರಿಂದ ಊರಿಗೆ ಹೋಯಿತು

ನಮಗೆ ಆಂಧ್ರದ ಗಡಿ ದೂರವಿಲ್ಲ. ಆ ರಾಜ್ಯದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ ಇದೆ. 1991ರಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಹಗಲು ಕೂಲಿ ಮಾಡಿದ ಹೆಂಗಸರು ರಾತ್ರಿ ಓದಲು ಕೂತರು. ಅವರ ಪುಸ್ತಕದಲ್ಲಿ ಒಂದು ಪಾಠ ಇತ್ತು. ಸಾರಾಯಿಯಿಂದ ಹಾಳಾದ ಒಂದು ಸಂಸಾರದ ಕಥೆ ಅದು.

ಹೆಂಗಸರು ಓದಿದರು. ಓದಿ ಸುಮ್ಮನಾಗಲಿಲ್ಲ, ಮಾತಾಡಿಕೊಂಡರು. "ಇದು ನಮ್ಮ ಮನೆ ಕಥೆಯೇ ಅಲ್ಲವೇ?" ಎಂಬ ಪ್ರಶ್ನೆ ಎದ್ದಿತು. ಎಲ್ಲರೂ ಒಟ್ಟಾಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು.

ಆಮೇಲೆ ಏನಾಯಿತು ಗೊತ್ತೇ? ದೂಬಗುಂಟದ ಹೆಂಗಸರ ಕಥೆಯೇ ಮುಂದಿನ ಪುಸ್ತಕದಲ್ಲಿ ಪಾಠವಾಯಿತು. ಬೇರೆ ಊರಿನ ಹೆಂಗಸರು ಅದನ್ನು ಓದಿದರು. ಅವರೂ ಎದ್ದರು. ಚಳವಳಿ ಜಿಲ್ಲೆ ಜಿಲ್ಲೆಗೆ ಹಬ್ಬಿತು. 1993ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧ ಮಾಡಿತು.

ಒಬ್ಬಳೇ ಓದಿ ಪುಸ್ತಕ ಮುಚ್ಚಿಟ್ಟಿದ್ದರೆ ಇದು ಆಗುತ್ತಿತ್ತೇ? ಯೋಚಿಸಿ.

ಪುಸ್ತಕದ ಬಗ್ಗೆ ಹೇಗೆ ಹೇಳುವುದು?

ನಾಲ್ಕು ಮಾತು ಹೇಳಿದರೆ ಸಾಕು.

1. ಪುಸ್ತಕದ ಹೆಸರು ಏನು? ಬರೆದವರು ಯಾರು?
2. ಅದರಲ್ಲಿ ಯಾರ ಕಥೆ ಇದೆ? ಯಾವ ವಿಷಯ ಇದೆ?
3. ನನಗೆ ಯಾಕೆ ಹಿಡಿಸಿತು?
4. ಇದು ಯಾರಿಗೆ ಒಪ್ಪುತ್ತದೆ?

ಕಥೆಯ ಕೊನೆಯನ್ನು ಮಾತ್ರ ಹೇಳಬೇಡಿ. ಕೊನೆ ಗೊತ್ತಾದರೆ ಕೇಳಿದವರು ಓದುವುದಿಲ್ಲ. ಪುಸ್ತಕ ಹಿಡಿಸದಿದ್ದರೆ ಅದನ್ನೂ ಹೇಳಿ. "ನನಗೆ ಹಿಡಿಸಲಿಲ್ಲ" ಎನ್ನಲು ನಾಚಿಕೆ ಬೇಡ. ಯಾಕೆ ಹಿಡಿಸಲಿಲ್ಲ ಎಂದು ಹೇಳುವುದೂ ಓದಿನ ಒಂದು ಭಾಗ.

ಅಕ್ಕಪಕ್ಕದ ಮನೆಯ ಇಬ್ಬರು ಕಂಡಿಕೆ ಸುತ್ತುತ್ತಾ ಹೀಗೆ ಮಾತಾಡಬಹುದು. ಇಬ್ಬರು ಸೇರಿ ಗಟ್ಟಿಯಾಗಿ ಓದಿ.

ಅಕ್ಕ: ಏನೇ, ನಿನ್ನೆ ರಾತ್ರಿ ಹತ್ತು ಗಂಟೆ ಆದ್ರೂ ನಿಮ್ಮನೇಲಿ ದೀಪ ಉರೀತಿತ್ತು?

ತಂಗಿ: ಪುಸ್ತಕ ಓದ್ತಿದ್ದೆ ಕಣಕ್ಕ. ಶರಪಂಜರ ಅಂತ. ತ್ರಿವೇಣಿ ಅನ್ನೋರು ಬರೆದಿದ್ದು.

ಅಕ್ಕ: ಅದು ಸಿನಿಮಾ ಅಲ್ವೇನೇ? ಕಲ್ಪನಾ ಮಾಡಿದ್ದು.

ತಂಗಿ: ಹೂಂ. ಮೊದಲು ಪುಸ್ತಕ, ಆಮೇಲೆ 1971ರಲ್ಲಿ ಸಿನಿಮಾ ಆಯ್ತಂತೆ.

ಅಕ್ಕ: ಅಷ್ಟು ದಪ್ಪ ಪುಸ್ತಕ ಹೆಂಗೆ ಓದ್ತೀಯೇ?

ತಂಗಿ: ದಿನಕ್ಕೆ ಎರಡೇ ಪುಟ ಅಕ್ಕ. ಕಷ್ಟದ ಪದ ಬಂದ್ರೆ ಮಗಳನ್ನ ಕೇಳ್ತೀನಿ.

ಅಕ್ಕ: ಏನೈತೆ ಅದ್ರಾಗೆ?

ತಂಗಿ: ಒಬ್ಬಳಿಗೆ ಮನಸ್ಸಿನ ಕಾಯಿಲೆ ಬರ್ತೈತೆ. ಆಸ್ಪತ್ರೇಲಿ ವಾಸಿನೂ ಆಗ್ತೈತೆ. ಆದ್ರೆ ಮನೆಗೆ ಬಂದ್ರೆ ಯಾರೂ ಅವಳನ್ನ ನಂಬಲ್ಲ. ಕಾಯಿಲೆಗಿಂತ ಜನರ ಮಾತೇ ಅವಳಿಗೆ ಹೆಚ್ಚು ನೋವು.

ಅಕ್ಕ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಮ್ಮ ಬೀದೀಲೂ ಒಬ್ಬಳು ಬಾಣಂತನದಾಗೆ ಹಂಗೇ ಆಗಿದ್ಲಲ್ಲ. ಈಗ ಹುಷಾರಾಗವಳೆ. ಆದ್ರೂ ನೀರಿನ ಹತ್ರ ಯಾರೂ ಅವಳನ್ನ ಮಾತಾಡಿಸಲ್ಲ.

ತಂಗಿ: ನಂಗೂ ಅದೇ ನೆನಪಾಯ್ತು ಅಕ್ಕ.

ಅಕ್ಕ: ನಾಳೆ ಇಬ್ರೂ ಅವಳ ಮನೆಗೆ ಹೋಗಿ ಬರಾಣ. ಓದಿ ಮುಗಿಸಿದ ಮೇಲೆ ಆ ಪುಸ್ತಕ ನಂಗೆ ಕೊಡು. ಕೊನೇಲಿ ಏನಾಯ್ತು ಅಂತ ಹೇಳ್ಬೇಡ!

ಗಮನಿಸಿ: ಬಾಣಂತನದಲ್ಲಿ ಕೆಲವರಿಗೆ ಮನಸ್ಸಿನ ಕಾಯಿಲೆ ಬರುವುದುಂಟು. ಅದು ದೆವ್ವದ ಕಾಟ ಅಲ್ಲ, ಶಾಪವೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಏನು ಓದೋಣ?

ನಾನು ಮೆಚ್ಚಿದ ಎರಡು ಪುಸ್ತಕಗಳನ್ನು ಹೇಳುತ್ತೇನೆ.

ದಿನಕ್ಕೊಂದು ಕಥೆ. ಬರೆದವರು ಅನುಪಮಾ ನಿರಂಜನ. ಅವರು ವೈದ್ಯೆ, ಲೇಖಕಿ. ಇವು ಮಕ್ಕಳಿಗಾಗಿ ಬರೆದ ಸಣ್ಣ ಸಣ್ಣ ಕಥೆಗಳು. ಹೆಸರೇ ಹೇಳುವ ಹಾಗೆ ದಿನಕ್ಕೆ ಒಂದು ಓದಿದರೆ ಆಯಿತು. ಒಲೆ ಮುಂದೆ ಅನ್ನ ಬೇಯುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ. ರಾತ್ರಿ ಮಕ್ಕಳಿಗೆ ಹೇಳಬಹುದು. ಹೊಸದಾಗಿ ಓದು ಕಲಿತವರಿಗೆ ಇದು ಒಳ್ಳೆಯದು.

ಯೇಗ್ದಾಗೆಲ್ಲಾ ಐತೆ. ಬರೆದವರು ಬೆಳಗೆರೆ ಕೃಷ್ಣಶಾಸ್ತ್ರಿ. ಅವರು ಚಳ್ಳಕೆರೆ ತಾಲೂಕಿನ ಬೆಳಗೆರೆಯವರು. ಮೇಷ್ಟರಾಗಿದ್ದರು. ಮುಕುಂದೂರು ಸ್ವಾಮಿಗಳ ಜೊತೆ ಕಳೆದ ದಿನಗಳನ್ನು ಇದರಲ್ಲಿ ಹೇಳಿದ್ದಾರೆ. ಹೆಸರು ನೋಡಿ. ನಾವು ಮನೆಯಲ್ಲಿ ಆಡುವ ಮಾತೇ ಪುಸ್ತಕದ ಹೆಸರಾಗಿದೆ. ನಮ್ಮ ಮಾತು ಪುಸ್ತಕಕ್ಕೆ ಸಲ್ಲದು ಎಂದು ಯಾರಾದರೂ ಅಂದರೆ ಈ ಪುಸ್ತಕ ತೋರಿಸಿ. ಸ್ವಲ್ಪ ಓದು ಪಳಗಿದ ಮೇಲೆ ಇದನ್ನು ಹಿಡಿಯಿರಿ.

ಅದೇ ಬೆಳಗೆರೆಯಲ್ಲಿ ಜಾನಕಮ್ಮ ಎಂಬ ಕವಯಿತ್ರಿಯೂ ಇದ್ದರು. ಹಳ್ಳಿಯ ಹೆಣ್ಣುಮಗಳು ಕವಿತೆ ಬರೆದಳು ಎಂಬುದು ನಮಗೆಲ್ಲ ಹೆಮ್ಮೆ.

ಪುಸ್ತಕ ಎಲ್ಲಿ ಸಿಗುತ್ತದೆ?

ದುಡ್ಡು ಕೊಟ್ಟೇ ಕೊಳ್ಳಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಈಗ ಅದನ್ನು ಅರಿವು ಕೇಂದ್ರ ಎಂದೂ ಕರೆಯುತ್ತಾರೆ. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ಗ್ರಂಥಾಲಯ ಗಂಡಸರು ಪೇಪರ್ ಓದುವ ಜಾಗ ಮಾತ್ರ ಅಲ್ಲ. ಅದು ನಮ್ಮದೂ ಹೌದು. ಒಬ್ಬರೇ ಹೋಗಲು ಸಂಕೋಚವಾದರೆ ಇಬ್ಬರು ಮೂವರು ಜೊತೆಯಾಗಿ ಹೋಗಿ. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ.

2020ರಲ್ಲಿ ಸರ್ಕಾರ "ಓದುವ ಬೆಳಕು" ಎಂಬ ಕಾರ್ಯಕ್ರಮ ಶುರುಮಾಡಿತು. ಹಳ್ಳಿಯ ಮಕ್ಕಳನ್ನು ಗ್ರಂಥಾಲಯಕ್ಕೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿತು. ನಿಮ್ಮ ಮಗನೋ ಮಗಳೋ ತಂದ ಪುಸ್ತಕವನ್ನು ನೀವೂ ಓದಿ.

"ಹೊತ್ತೆಲ್ಲಿದೆ?" ಎನ್ನುತ್ತೀರಾ? ನಿಜ, ಹೆಂಗಸರ ಕೆಲಸ ಮುಗಿಯುವುದೇ ಇಲ್ಲ. ಅದಕ್ಕೇ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸಂಘದ ಸಭೆಯ ದಿನವಾದರೆ ಇನ್ನೂ ಒಳ್ಳೆಯದು. ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಪುಸ್ತಕದ ಮಾತಾಡಿ. ಒಬ್ಬರು ಓದಲಿ, ಉಳಿದವರು ಕೇಳಲಿ. ಮುಂದಿನ ವಾರ ಇನ್ನೊಬ್ಬರು ಓದಲಿ. ಕಣ್ಣು ಮಂಜಾದ ಅಜ್ಜಿಯನ್ನೂ ಕರೆಯಿರಿ. ಅವರು ಕೇಳಿ ಒಂದು ಹಾಡು ಹೇಳಿಯಾರು. ಅದನ್ನು ನೀವು ಬರೆದುಕೊಳ್ಳಿ.

ಅಭ್ಯಾಸ

ಈ ಪದಗಳನ್ನು ಓದಿ, ಬರೆಯಿರಿ:
ಪುಸ್ತಕ, ಗ್ರಂಥಾಲಯ, ಸದಸ್ಯೆ, ಲೇಖಕಿ, ಕವಯಿತ್ರಿ, ಚಿಕಿತ್ಸೆ, ಚಳವಳಿ

ಉತ್ತರ ಹೇಳಿ:
1. ದೂಬಗುಂಟದ ಹೆಂಗಸರು ಪಾಠ ಓದಿ ಏನು ಮಾಡಿದರು?
2. ಸಿರಿಯಜ್ಜಿಯ ಹಾಡು ಹೇಗೆ ಉಳಿಯಿತು?
3. ಅಕ್ಕ, ತಂಗಿ ನಾಳೆ ಯಾರ ಮನೆಗೆ ಹೋಗುತ್ತಾರೆ? ಯಾಕೆ?

ಖಾಲಿ ಜಾಗ ತುಂಬಿ:
ನಾನು ಈಗ ಓದುತ್ತಿರುವ ಪುಸ್ತಕ ..............
ಅದನ್ನು ಬರೆದವರು ..............
ಅದು ನನಗೆ ಹಿಡಿಸಿತು, ಯಾಕೆಂದರೆ ..............
ಇದನ್ನು ನಾನು .............. ಅವರಿಗೆ ಓದಲು ಕೊಡುತ್ತೇನೆ.